ಭಟ್ಟಿಮನೆಯ ಮೂಗು

ಬಿಯರ್ ಕಾಯಿಸುವ ಮನೆಯಲ್ಲಿ ಹುಟ್ಟಿದ ಕೂಸು ಅಂಬೆಗಾಲಿಡುವಾಗಲೇ ತೊಟ್ಟಿಯ ಹತ್ತಿರ ಹೋಗಿ, ಅಂಚಿನಿಂದ ಉಕ್ಕಿ ನೆಲಕ್ಕೆ ಇಳಿದಿದ್ದ ನೊರೆಯನ್ನು ಎರಡೂ ಕೈಯಿಂದ ಬಾಚಿ ಮುಖಕ್ಕೆಲ್ಲ ಮೆತ್ತಿಕೊಂಡು ಕೂತಿತ್ತಂತೆ. ಅಜ್ಜಿ ಅದನ್ನು ನೋಡಿ, "ಬನ್ರೇ, ಬನ್ರೇ, ನಮ್ಮನೆ ನೊರೆರಾಯನ್ನ ನೋಡಿ!" ಎಂದು ಮನೆಮಂದಿಯನ್ನೆಲ್ಲ ಕೂಗಿ ಕರೆದಳು. ಅಂದಿನಿಂದ ಅವನು ನೊರೆ. ಮೀಸೆ ಚಿಗುರಿದ ಮೇಲೆ ನೊರೆಯಣ್ಣ. ತಂದೆತಾಯಿ ಇಟ್ಟ ಹೆಸರು ಶಾಲೆಯ ಹಾಜರಿ ಕೂಗುವಾಗ ಬಿಟ್ಟರೆ ಬೇರೆಲ್ಲೂ ಬಳಕೆಗೆ ಬರಲಿಲ್ಲ.

ಬೀದಿ ಇಳಿಜಾರಾಗಿ ಮುಗಿಯುವ ಕಡೆ ಅವರ ಮನೆ. ಕೆಳಗೆ ಭಟ್ಟಿ, ಮೇಲೆ ವಾಸ, ಅದರ ಮೇಲೆ ಸೂರಿನಡಿ ಧಾನ್ಯದ ಅಟ್ಟ. ಮಲಗುವ ಕೋಣೆಯ ಹಲಗೆ ನೆಲದ ಸಂದಿನಿಂದ ಕೆಳಗಿನ ಹಬೆ ಮೇಲೆ ಬರುತ್ತಿತ್ತು. ಆ ಮನೆಯ ಮಕ್ಕಳಿಗೆ ವಾರದ ದಿನ ತಿಳಿಯಲು ಕ್ಯಾಲೆಂಡರ್ ಬೇಕಿರಲಿಲ್ಲ. ಮೊಳಕೆ ಬಂದ ಬಾರ್ಲಿಯನ್ನು ಹುರಿಯುವ ದಿನ ಬಿಸ್ಕತ್ತಿನ ವಾಸನೆ, ತಾಮ್ರದ ಕೊಪ್ಪರಿಗೆಯಲ್ಲಿ ಕಹಿಹೂವು, ಅಂದರೆ ಬಿಯರಿಗೆ ಕಹಿ ಕೊಡುವ ಹಾಪ್ಸ್, ಬೇಯುವ ದಿನ ಮೂಗಿನ ಹೊಳ್ಳೆ ಬಿಗಿಯುವ ಘಾಟು, ತೊಟ್ಟಿ ತಣ್ಣಗಾಗಿ ಹುದುಗು ಬಂದ ದಿನ ಹಣ್ಣಿನಂಗಡಿಯ ಹಿತ್ತಲಿನ ವಾಸನೆ. ಕಣ್ಣು ಬಿಡುವ ಮೊದಲೇ ನೊರೆಯಣ್ಣನಿಗೆ ಇವತ್ತು ಯಾವ ವಾರವೆಂದು ಗೊತ್ತಾಗುತ್ತಿತ್ತು.

ಅಪ್ಪ ಅವನಿಗೆ ಕಲಿಸಿದ್ದರಲ್ಲೆಲ್ಲ ಮುಖ್ಯವಾದದ್ದು ಭರಣಿಯ ಕೆಲಸ. ಬಿಯರ್ ಹುದುಗುವಾಗ ಮೇಲೆ ದಪ್ಪ ಕೆನೆ ಕಟ್ಟುತ್ತದಲ್ಲ, ಅದನ್ನು ಸೌಟಿನಲ್ಲಿ ಎತ್ತಿ ಮಣ್ಣಿನ ಭರಣಿಯಲ್ಲಿ ಹಾಕಿ ತಣ್ಣನೆಯ ನೆಲಮಾಳಿಗೆಯಲ್ಲಿ ಇಡಬೇಕು. ಮುಂದಿನ ಸಲದ ತೊಟ್ಟಿಗೆ ಅದೇ ಹುದುಗು. ಅದರಿಂದ ಮತ್ತೆ ಕೆನೆ, ಮತ್ತೆ ಭರಣಿ. ಹೀಗೆ ಮುತ್ತಜ್ಜನ ಕಾಲದಿಂದ ಒಂದರ ಹೊಟ್ಟೆಯಲ್ಲಿ ಒಂದು ಹುಟ್ಟುತ್ತ ಬಂದಿತ್ತು. ತೊಟ್ಟಿಗೆ ಸುರಿಯುವ ಮುನ್ನ ಭರಣಿಯ ಮುಚ್ಚಳ ತೆಗೆದು ಮೂಗು ಹತ್ತಿರ ಹಿಡಿಯಬೇಕು. ಒಂದಿಷ್ಟು ಬೇರೆ ವಾಸನೆ ಬಂತೋ, ಅದನ್ನು ಚೆಲ್ಲಿ ಪಕ್ಕದ ಭರಣಿ ತೆಗೆಯಬೇಕು. "ಇದೊಂದು ತಪ್ಪಿದ್ರೆ ಮುಂದಿನದೆಲ್ಲ ತಪ್ಪುತ್ತೆ ಕಣೋ. ಕೆಟ್ಟದ್ದೂ ಒಳ್ಳೇದರ ಹಾಗೇ ಮರಿ ಹಾಕುತ್ತೆ," ಎನ್ನುತ್ತಿದ್ದ ಅಪ್ಪ. ನಾಲಿಗೆಯ ಮೇಲೆ ಅವನಿಗೆ ಅಷ್ಟು ನಂಬಿಕೆ ಇರಲಿಲ್ಲ. ನಾಲಿಗೆ ಎರಡು ಗುಟುಕಿಗೆ ಲಂಚ ತಿಂದುಬಿಡುತ್ತೆ ಎಂದು ನಗುತ್ತಿದ್ದ.

ನೊರೆಯಣ್ಣನ ಮೂಗು ಅಪ್ಪನ ಮೂಗಿಗಿಂತ ಒಂದು ಕೈ ಮೇಲು. ಅಪ್ಪ ತೀರಿಕೊಂಡು ಭಟ್ಟಿ ಅವನ ಹೆಗಲಿಗೆ ಬಂದ ಹೊಸತರಲ್ಲಿ ಒಂದು ಬೆಳಗ್ಗೆ, ಚೌಕದ ಬಾವಿಯಿಂದ ಸೇದಿ ತಂದ ನೀರನ್ನು ಕೊಪ್ಪರಿಗೆಗೆ ಸುರಿಯುವುದು ಬಿಟ್ಟು ಕೊಡ ಹಿಡಿದು ನಿಂತೇ ನಿಂತ. ಆಮೇಲೆ ನೇರ ಚೌಕಕ್ಕೆ ಹೋಗಿ ಬಾವಿಯ ಕಟ್ಟೆಗೆ ಅಡ್ಡ ನಿಂತು ಯಾರಿಗೂ ನೀರು ಸೇದಲು ಬಿಡಲಿಲ್ಲ. ಜನ ಬೈದರು, ನಕ್ಕರು. "ಎಲ್ಲಾ ಕಡೆ ಮೂಗು ತೂರಿಸ್ತಾನಪ್ಪ ಇವನು. ಈಗ ಬಾವಿ ಒಳಗೂ ತೂರಿಸಿದಾನೆ!" ಎಂದರು. ಅವನು ಜಗ್ಗಲಿಲ್ಲ. ಕೊನೆಗೆ ಅಗೆದು ನೋಡಿದರೆ ಮೇಲಿನ ಬೀದಿಯ ಚರಂಡಿ ಒಡೆದು ಮಣ್ಣೊಳಗಿಂದ ಬಾವಿಗೆ ಜಿನುಗುತ್ತಿತ್ತು. ನಕ್ಕವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಮುಂದಿನ ಚುನಾವಣೆಯಲ್ಲಿ ಅವನನ್ನು ಪುರಸಭೆಗೆ ಕಳಿಸಿದರು. ಅದರ ಮುಂದಿನದರಲ್ಲಿ ಅಧ್ಯಕ್ಷನ ಕುರ್ಚಿಯಲ್ಲೇ ಕೂರಿಸಿದರು.

ಅಧ್ಯಕ್ಷನಾಗಿ ಅವನು ಮಾಡಿದ ದೊಡ್ಡ ಕೆಲಸ ದಿಬ್ಬದ ಮೇಲಿನ ನೀರಿನ ಟ್ಯಾಂಕು. ಅದರ ಜೊತೆ ಒಂದು ರೂಢಿಯೂ ಬೆಳೆಯಿತು. ವರ್ಷಕ್ಕೊಮ್ಮೆ ಟ್ಯಾಂಕು ತೊಳೆದು ಹೊಸ ನೀರು ತುಂಬಿದ ದಿನ ಊರವರೆಲ್ಲ ದಿಬ್ಬ ಹತ್ತುತ್ತಿದ್ದರು. ಮೊದಲ ಲೋಟ ನೀರು ಅಧ್ಯಕ್ಷನ ಕೈಗೆ. ಅವನು ಕಣ್ಣು ಮುಚ್ಚಿ ಮೂಸಿ, ಕುಡಿದು, ತಲೆ ಆಡಿಸಬೇಕು. ಆಮೇಲೆಯೇ ಊರಿನ ನಲ್ಲಿಗಳಿಗೆ ನೀರು. ಯಾವ ಕಾನೂನಿನಲ್ಲೂ ಇಲ್ಲದ ರೂಢಿ ಅದು. ಆದರೆ ಅಮ್ಮಂದಿರು ಆ ತಲೆ ಆಡುವುದನ್ನು ಕಣ್ಣಾರೆ ನೋಡದೆ ಮಕ್ಕಳಿಗೆ ನಲ್ಲಿಯ ನೀರು ಕುಡಿಸುತ್ತಿರಲಿಲ್ಲ.

ಟ್ಯಾಂಕಿನಿಂದಲೇ ಅವನಿಗೆ ಒಂದು ನಷ್ಟವೂ ಆಯಿತು. ಪೈಪು ನೇರವಾಗಿ ಬರಬೇಕೆಂದರೆ ಪೀಪಾಯಿ ಮಾಡುವವನ ಕೆಲಸದ ಅಂಗಳ ಸೀಳಿಕೊಂಡು ಬರಬೇಕು. ಬಳಸಿ ಬಂದರೆ ಕೆಲಸ ಹೆಚ್ಚು. ಪೀಪಾಯಿಯವನು ನೊರೆಯಣ್ಣನ ಬಾಲ್ಯದ ಗೆಳೆಯ. ಇಬ್ಬರೂ ಒಂದೇ ಖಾಲಿ ಪೀಪಾಯಿಯೊಳಗೆ ಕೂತು ಇಳಿಜಾರಿನಲ್ಲಿ ಉರುಳಿ ಮೊಣಕಾಲು ತರಚಿಕೊಂಡವರು. ಸಭೆಯಲ್ಲಿ ಇಬ್ಬರು ಸದಸ್ಯರು ತಾವಾಗಿಯೇ "ಬಳಸಿಕೊಂಡೇ ಹೋಗಲಿ ಬಿಡಿ" ಎಂದರು. ಗೆಳೆಯನಿಗೆ ಒಂದು ಕಣ್ಣು, ಊರಿಗೆ ಒಂದು ಕಣ್ಣು ಎಂದು ನಾಳೆ ಯಾರೂ ಆಡಬಾರದಲ್ಲ ಎಂದು ನೊರೆಯಣ್ಣ ನೇರ ದಾರಿಗೇ ಕೈ ಎತ್ತಿದ. ಅಷ್ಟಾದರೂ ಸರಿಹೋಗುತ್ತಿತ್ತೇನೋ. ಆದರೆ ಸುದ್ದಿ ಹೇಳಲು ತಾನು ಹೋಗಲಿಲ್ಲ. ಮುಖ ಕೊಡಲಾರದೆ ಜವಾನನನ್ನು ಕಳಿಸಿದ. ಪೀಪಾಯಿಯವನು ಉಳಿ, ಸುತ್ತಿಗೆ, ಕಬ್ಬಿಣದ ಪಟ್ಟಿಗಳನ್ನೆಲ್ಲ ಗಾಡಿಗೆ ಹಾಕಿಕೊಂಡು ಊರಾಚೆಯ ಶೆಡ್ಡಿಗೆ ಹೋದ. ಅಂದಿನಿಂದ ಪೀಪಾಯಿಗಳು ಗಾಡಿಯವನ ಕೈಲಿ ಬರುತ್ತಿದ್ದವು, ಗಾಡಿಯವನ ಕೈಲಿ ವಾಪಸು ಹೋಗುತ್ತಿದ್ದವು. ಅವನು ಭಟ್ಟಿಯ ಹೊಸ್ತಿಲು ತುಳಿಯಲಿಲ್ಲ.

ಊರೂ ನಿಧಾನವಾಗಿ ಅವನನ್ನು ನೊರೆಯಣ್ಣ ಎನ್ನುವುದು ಬಿಟ್ಟಿತು. ಎಲ್ಲರ ಬಾಯಲ್ಲೂ "ಅಧ್ಯಕ್ಷರೇ". ಅವನು ಹೋದ ಕಡೆ ಜನ ಎದ್ದು ನಿಲ್ಲುತ್ತಿದ್ದರು. ಅವನ ಬಿಯರ್ ಮಾರುತ್ತಿದ್ದ ಎದುರಿನ ಊಟದ ಮನೆಯಲ್ಲಿ ನಗುತ್ತ ಕೂತವರು ಅವನನ್ನು ಕಂಡು ನಗುವನ್ನು ಅರ್ಧಕ್ಕೆ ನುಂಗಿ ಕುರ್ಚಿ ಕೊಡುತ್ತಿದ್ದರು. ಗೌರವ ಅನ್ನುವುದು ತಪ್ಪೇನಲ್ಲ. ಆದರೆ ಅದರ ಪಕ್ಕ ಕೂತು ಯಾರೂ ಹರಟೆ ಹೊಡೆಯುವುದಿಲ್ಲ.

ಇದೆಲ್ಲ ಅವನಿಗೆ ಅಷ್ಟಾಗಿ ತಟ್ಟದಂತೆ ನೋಡಿಕೊಂಡವಳು ಹೆಂಡತಿ. ಮಕ್ಕಳಿಲ್ಲದ ಮನೆ. ಅವಳ ಬಾಯಿ ಮಾತ್ರ ಹತ್ತು ಮಕ್ಕಳಿಗಾಗುವಷ್ಟು ಇತ್ತು. ಹೊಸ ತೊಟ್ಟಿಯಿಂದ ಮೊದಲ ಲೋಟ ತೆಗೆದಾಗ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮೆಟ್ಟಿಲಿಳಿದು ಬರಲೇಬೇಕು. ಒಂದು ಚಮಚದಷ್ಟು ಕುಡಿದು, "ಇದು ಕುಡಿಯೋಕೋ, ಪಾತ್ರೆ ಉಜ್ಜೋಕೋ?" ಎನ್ನುತ್ತಿದ್ದಳು. ಇಲ್ಲವೇ, "ಇನ್ನೂ ಹಸಿ. ಮಲಗಲಿ ಬಿಡಿ. ನಿಮ್ಮ ಹಾಗೇನೇ, ಅವಸರ." ಚೆನ್ನಾಗಿದ್ದರೆ ಏನೂ ಹೇಳದೆ ಲೋಟ ಮುಗಿಸಿ ಮೇಲೆ ಹೋಗುತ್ತಿದ್ದಳು. ಅಧ್ಯಕ್ಷ ಅನ್ನುವ ಪದ ಅವಳ ಬಾಯಲ್ಲಿ ಬಂದದ್ದು ಒಂದೇ ಸಂದರ್ಭದಲ್ಲಿ: ಅವನು ಒದ್ದೆ ಬೂಟಿನಲ್ಲಿ ಒಳಗೆ ಬಂದಾಗ. "ಅಧ್ಯಕ್ಷರು ನೆಲ ಒರೆಸ್ತಾರೋ, ನಾನು ಒರೆಸ್ಲೋ?" ಸಂಜೆ ಅವಳು ದೀಪ ಹಚ್ಚಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಅವನಿಗೆ ಪ್ರಾರ್ಥನೆಯ ಮಾತು ಬರುತ್ತಿರಲಿಲ್ಲ. ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದ. ಅಷ್ಟು ಸಾಕು ಎಂದು ಅವಳು ಹೇಳಿದ್ದಳು.

ಒಂದು ಚಳಿಗಾಲ ಇಬ್ಬರಿಗೂ ಜ್ವರ ಹಿಡಿಯಿತು. ಅವನು ಎದ್ದ. ಅವಳು ಏಳಲಿಲ್ಲ.

ಎಲ್ಲ ಮುಗಿದ ಮೇಲೆ ಒಂದು ದಿನ ಅವನು ಬೀರು ತೆಗೆದು ಅವಳ ಉಣ್ಣೆಯ ಶಾಲು ಎತ್ತಿ ಮುಖಕ್ಕೆ ಒತ್ತಿಕೊಂಡ. ಏನೂ ಇಲ್ಲ. ಉಣ್ಣೆಯ ಒರಟು ಮಾತ್ರ ಕೆನ್ನೆಗೆ ತಾಗಿತು. ತೊಳೆದಿಟ್ಟದ್ದಿರಬೇಕು ಎಂದು ಬೇರೆಯದನ್ನು ತೆಗೆದ, ಅದನ್ನು ಇಟ್ಟು ಮತ್ತೊಂದು. ಬೀರುವಿನ ಬಟ್ಟೆಯೆಲ್ಲ ಮಂಚದ ಮೇಲೆ ಬಂದರೂ ಅವಳು ಎಲ್ಲಿಯೂ ಸಿಗಲಿಲ್ಲ. ಅತ್ತು ಅತ್ತು ಮೂಗು ಕಟ್ಟಿದೆ ಎಂದುಕೊಂಡ. ಆಮೇಲೆ ಕೆಳಗಿಳಿದು ಕಹಿಹೂವಿನ ಮೂಟೆ ಬಿಚ್ಚಿ ತಲೆಯನ್ನೇ ಒಳಗೆ ಹಾಕಿದ. ಒಣ ಎಸಳು ಕಿವಿಗೆ ಚುಚ್ಚಿತೇ ಹೊರತು ಬೇರೇನೂ ಆಗಲಿಲ್ಲ. ಮೂಟೆಯ ಬಾಯಿ ಮತ್ತೆ ಕಟ್ಟಿಟ್ಟ.

ಯಾರಿಗೆ ಹೇಳುವುದು? ಮೂಗಿಲ್ಲದ ಬಿಯರಿನವನೆಂದರೆ ಕಿವಿಯಿಲ್ಲದ ಗಾಯಕ. ಅದಕ್ಕಿಂತ ಹೆಚ್ಚಾಗಿ, ದಿಬ್ಬದ ಮೇಲೆ ಅಮ್ಮಂದಿರು ಕಾಯುವುದು ಅವನ ತಲೆಗಲ್ಲ, ಮೂಗಿಗೆ. ಇವತ್ತಲ್ಲ ನಾಳೆ ವಾಪಸು ಬರುತ್ತೆ, ಕೊಟ್ಟವನು ಕಸಿದುಕೊಳ್ಳುವುದಿಲ್ಲ ಎಂದು ದಿನ ತಳ್ಳಿದ. ಸಂಜೆ ಅವಳು ಕೂರುತ್ತಿದ್ದ ಜಾಗದ ಪಕ್ಕದಲ್ಲೇ ಕೂತು, ಮೊದಲ ಸಲ ಬಾಯಿಬಿಟ್ಟು ಕೇಳಿಯೂ ಕೇಳಿದ. ಮೂಗು ವಾಪಸು ಬರಲಿಲ್ಲ.

ಭಟ್ಟಿಯ ಕೆಲಸ ನಿಲ್ಲಿಸುವಂತಿರಲಿಲ್ಲ. ಭರಣಿಯ ಹುದುಗು ಬಹಳ ದಿನ ಸುಮ್ಮನೆ ಇದ್ದರೆ ಸಾಯುತ್ತದೆ. ಅವನು ಕಣ್ಣಿನಿಂದ, ಕೈಯಿಂದ ಕೆಲಸ ಸಾಗಿಸಿದ. ಬಿಸಿಯನ್ನು ಮೊಣಕೈ ಅದ್ದಿ ನೋಡುತ್ತಿದ್ದ, ಹುದುಗಿನ ಸದ್ದಿಗೆ ಕಿವಿಗೊಡುತ್ತಿದ್ದ, ಕೆನೆಯ ಬಣ್ಣವನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದ. ನಾಲಿಗೆ ಸಿಹಿ, ಹುಳಿ, ಕಹಿ ಅಷ್ಟನ್ನು ಮಾತ್ರ ಹೇಳುತ್ತಿತ್ತು, ಅದನ್ನೇ ನಂಬಿದ. ಜೊತೆಗಿದ್ದ ಹಳೇ ಆಳೋ, ನಶ್ಯದ ಡಬ್ಬಿಯನ್ನು ಹೆಂಡತಿಗಿಂತ ಹೆಚ್ಚು ಪ್ರೀತಿಸುವ ಮನುಷ್ಯ. ಅವನ ಮೂಗಿನೊಳಗೆ ಆನೆ ಹೊಕ್ಕರೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಒಮ್ಮೆ ಮಾತ್ರ ಸಿಕ್ಕಿಬೀಳುವ ಹಾಗಾಗಿತ್ತು. ಒಲೆಯ ಮೇಲೆ ಹಾಲಿಟ್ಟು ಅವನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಎದುರಿನ ಊಟದ ಮನೆಯ ಒಡತಿ, ಊರಿಗೆಲ್ಲ ಅಕ್ಕ ಎನಿಸಿಕೊಂಡವಳು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ಒಲೆ ಆರಿಸಿದಳು. ಪಾತ್ರೆ ಸುಟ್ಟು ಇದ್ದಿಲಾಗಿತ್ತು, ಅವನ ಬೆನ್ನ ಹಿಂದೆ ಹೊಗೆ ತುಂಬಿತ್ತು. "ಓ, ಹಾಲಿಟ್ಟಿದ್ನಾ? ಮರೆತೇಹೋಯ್ತು ನೋಡಿ," ಎಂದ. ಅಕ್ಕ ಅವನ ಮುಖವನ್ನೊಮ್ಮೆ ನೋಡಿ, "ಮರೆವು ಎಲ್ಲರಿಗೂ ಇದ್ದದ್ದೇ," ಎಂದು ಪಾತ್ರೆ ತೊಳೆದಿಟ್ಟು ಹೋದಳು. ಬಚಾವಾದೆ ಎಂದುಕೊಂಡ. ಆ ವರ್ಷ ದಿಬ್ಬದ ಮೇಲೆ ಲೋಟ ಹಿಡಿದು ಕಣ್ಣು ಮುಚ್ಚಿ, ಏನೂ ತಿಳಿಯದೆ, ದೇವರೇ ನೀನೇ ಕಾಯಬೇಕು ಎಂದು ಒಳಗೊಳಗೇ ಹೇಳಿಕೊಂಡು ತಲೆ ಆಡಿಸಿದ. ಒಂದು ವಾರ ಊರಿನ ಮಕ್ಕಳು ಕೆಮ್ಮಿದರೂ ಅವನು ಕಿಟಕಿಗೆ ಓಡುತ್ತಿದ್ದ.

ಹೀಗೆ ಕಾಲ ಕಳೆಯಿತು. ಶಾಲೆಗೆ ಹೊಸ ಕಟ್ಟಡವಾಯಿತು. ಉದ್ಘಾಟನೆಯ ದಿನ ಅವನು ತನ್ನ ಕಡೆಯಿಂದ ಒಂದು ದೊಡ್ಡ ಪೀಪಾಯಿ ಬಿಯರ್ ಕೊಟ್ಟ. ಹಿರಿಯರೆಲ್ಲ ವರಾಂಡದಲ್ಲಿ ನಿಂತು ಲೋಟ ಎತ್ತಿ "ಅಧ್ಯಕ್ಷರಿಗೆ!" ಎಂದರು. ಮೇಷ್ಟ್ರು ಪುರಸಭೆಯ ಉಪಾಧ್ಯಕ್ಷರೂ ಹೌದು. ಅವರ ಭಾಷಣದಲ್ಲಂತೂ ಈ ಬಿಯರು ಊರಿನ ಹೆಮ್ಮೆ, ಊರಿನ ಪ್ರಾಣ, ಇನ್ನೂ ಏನೇನೋ ಆಯಿತು. ಮರುದಿನ ಬೆಳಗ್ಗೆ ಖಾಲಿ ಪೀಪಾಯಿ ತರಲು ನೊರೆಯಣ್ಣನೇ ಹೋದ. ವರಾಂಡದ ಉದ್ದಕ್ಕೂ ಹೂವಿನ ಕುಂಡಗಳು. ಅದರ ಮಣ್ಣಿನ ಮೇಲೆ ಏನೋ ಬಿಳಿಚಿಕೊಂಡಿತ್ತು. ಬಗ್ಗಿ ಮುಟ್ಟಿದ. ಒಣಗಿದ ನೊರೆ. ಒಂದು ಕುಂಡದಲ್ಲಲ್ಲ, ಈ ತುದಿಯಿಂದ ಆ ತುದಿಯವರೆಗೆ. ಇರುವೆ ಮುತ್ತಿದ್ದವು. ಒಂದು ಸೇವಂತಿಗೆ ಗಿಡ ಅಮಲೇರಿದವನ ಹಾಗೆ ಪಕ್ಕಕ್ಕೆ ವಾಲಿತ್ತು.

ಮಣ್ಣಿನ ಬೆರಳು ಒರೆಸಿಕೊಳ್ಳುತ್ತ ಅವನು ಕುಂಡಗಳ ಸಾಲನ್ನು ಮತ್ತೊಮ್ಮೆ ನೋಡಿದ. ಊರಿಗೆ ಊರೇ ಸಾಲಾಗಿ ನಿಂತು, ತನಗೆ ಬೆನ್ನು ತಿರುಗಿಸಿ, ಲೋಟ ಬಗ್ಗಿಸಿತ್ತು.

ಮೊದಲು ಮೇಷ್ಟ್ರ ಮನೆಗೆ ಹೋದ. "ಮೇಷ್ಟ್ರೇ, ನಿನ್ನೆ ಬಿಯರ್ ಹೇಗಿತ್ತು? ನಿಜ ಹೇಳಿ."

"ಅದನ್ನ ಕೇಳ್ಬೇಕಾ ಅಧ್ಯಕ್ಷರೇ! ಅಮೃತ! ನನ್ನ ತಮ್ಮ ಇನ್ನೊಂದ್ ಲೋಟ ಸಿಗುತ್ತಾ ಅಂತ ಹುಡುಕ್ತಿದ್ದ."

"ಅಲ್ಲ, ಏನಾದ್ರೂ ವ್ಯತ್ಯಾಸ..."

"ವ್ಯತ್ಯಾಸವಾ? ಇದ್ರೆ ಇನ್ನೂ ಚೆನ್ನಾಗಿತ್ತು, ಅಷ್ಟೇ. ಕಾಫಿ ಕುಡೀತೀರಾ?"

ಅಲ್ಲಿಂದ ಊಟದ ಮನೆಗೆ. ಅಕ್ಕ ಮೇಜು ಒರೆಸುತ್ತಿದ್ದಳು. ಅವನು ಕೇಳಿದ್ದಕ್ಕೆ ಮೇಜಿನ ಅದೇ ಜಾಗವನ್ನು ಮತ್ತೆ ಮತ್ತೆ ಒರೆಸಿದಳು. "ನೀವ್ ಮಾಡಿದ್ದಕ್ಕೆ ಏನ್ ಹೇಳೋದು? ಜನ ಕುಡೀತಾನೇ ಇದಾರಲ್ಲ. ಕೂತ್ಕೊಳ್ಳಿ, ಸೂಪ್ ಬಿಸಿ ಇದೆ."

"ಅಕ್ಕ, ನನ್ನ ಮುಖ ನೋಡಿ ಹೇಳಿ."

ಅವಳು ನೋಡಿದಳು. "ಚೆನ್ನಾಗಿದೆ ಅಧ್ಯಕ್ಷರೇ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಈರುಳ್ಳಿ ಹೆಚ್ಚುತ್ತಿದ್ದೆ ಎಂದಳು. ಹತ್ತಿರದಲ್ಲೆಲ್ಲೂ ಈರುಳ್ಳಿ ಕಾಣಲಿಲ್ಲ.

ಬೀದಿಗಿಳಿದು ಅವನು ಲೆಕ್ಕ ಹಾಕಿದ. ಈ ಊರಿನಲ್ಲಿ ತನ್ನ ಮನಸ್ಸು ನೋಯಿಸಲು ಹಿಂಜರಿಯದವರು ಯಾರಿದ್ದಾರೆ? ಇದ್ದವಳು ಹೋದಳು. ಇನ್ನುಳಿದದ್ದು ಒಬ್ಬನೇ. ಭಟ್ಟಿಗೆ ವಾಪಸು ಹೋಗಿ ಒಂದು ಜಾಡಿಯಲ್ಲಿ ಬಿಯರ್ ತುಂಬಿ, ಬಿರಡೆ ಒತ್ತಿ, ಕಂಕುಳಲ್ಲಿ ಇಟ್ಟುಕೊಂಡು ಊರಾಚೆಯ ಶೆಡ್ಡಿಗೆ ನಡೆದ.

ಪೀಪಾಯಿಯವನು ಬೆಂಕಿಯ ಹತ್ತಿರ ಕೂತು ಹಲಗೆಗಳನ್ನು ಬಿಸಿ ಮಾಡಿ ಬಗ್ಗಿಸುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಲೆ ಎತ್ತಿ ನೋಡಿದವನು ಮತ್ತೆ ಹಲಗೆಗೆ ಬಗ್ಗಿದ.

"ಜವಾನ ರಜೆ ಮೇಲಿದಾನಾ?" ಎಂದ.

ನೊರೆಯಣ್ಣ ಅದನ್ನು ನುಂಗಿಕೊಂಡ. ಅದು ತನಗೆ ಸಲ್ಲಬೇಕಾದದ್ದೇ. "ನಾನೇ ಬಂದೆ. ಅವತ್ತೂ ನಾನೇ ಬರ್ಬೇಕಿತ್ತು."

"ಹೂಂ."

"ಒಂದು ಕೆಲಸ ಆಗ್ಬೇಕು. ಇದನ್ನ ಮೂಸಿ ನೋಡಿ ಹೇಳು."

"ಬಿರಡೆ ತೆಗೀಬೇಡ!" ಪೀಪಾಯಿಯವನು ಕೈ ಅಡ್ಡ ಹಿಡಿದ. "ಈ ಶೆಡ್ಡಲ್ಲಿ ನಾನ್ ಇನ್ನೂ ಊಟ ಮಾಡ್ಬೇಕು."

ನೊರೆಯಣ್ಣ ಅಲ್ಲೇ ಒಂದು ಕೊರಡಿನ ಮೇಲೆ ಕೂತುಬಿಟ್ಟ. "ಅಷ್ಟು ಕೆಟ್ಟದಾಗಿದೆಯಾ?"

"ಒದ್ದೆ ಗೋಣಿಚೀಲ ಸುಟ್ಟ ಹಾಗೆ. ನಿನ್ನ ಖಾಲಿ ಪೀಪಾಯಿ ರಿಪೇರಿಗೆ ಬರುತ್ತಲ್ಲ, ಒಳಗೆ ತಲೆ ಹಾಕಿ ನೋಡೋನು ನಾನು. ಮೊದಲು ನನ್ನ ಮರಾನೇ ಕೊಳೆತಿದೆ ಅಂದ್ಕೊಂಡೆ. ಕುದಿಯೋ ನೀರಲ್ಲಿ ತೊಳೆದೆ, ಒಳಗೆಲ್ಲ ಕೆರೆದೆ. ಒಳ್ಳೊಳ್ಳೆ ಪೀಪಾಯಿನ ಒಲೆಗೆ ಹಾಕಿದೆ. ನನ್ನಪ್ಪನ ಕಾಲದಿಂದ ಬಂದ ಕೆಲಸ, ನನ್ನ ಕೈಲಿ ಕೆಡ್ತಲ್ಲ ಅಂತ ರಾತ್ರಿ ನಿದ್ದೆ ಇಲ್ಲ. ಆಮೇಲೆ ಹೊಸಾ ಮರದ್ದೂ ಅದೇ ವಾಸನೆ ಹೊತ್ಕೊಂಡು ಬಂತು. ಆಗ ಗೊತ್ತಾಯ್ತು, ಮರ ಅಲ್ಲ, ನೀನು ಅಂತ."

"ಒಂದು ಮಾತು ಹೇಳ್ಬಾರದಿತ್ತಾ?"

"ಕೇಳೋಕೆ ಬಂದಿದ್ಯಾ?"

ನೊರೆಯಣ್ಣ ನೆಲ ನೋಡುತ್ತ ಹೇಳಿದ: "ನನಗೆ ವಾಸನೆ ಬರಲ್ಲ ಕಣೋ. ಆ ಜ್ವರದ ಮೇಲಿಂದ. ಯಾರಿಗೂ ಹೇಳಿಲ್ಲ."

ಪೀಪಾಯಿಯವನು ಹಲಗೆ ಕೆಳಗಿಟ್ಟ. ನಗಬೇಕೋ ಬೇಡವೋ ಎಂದು ತಿಳಿಯದವನ ಮುಖ ಅವನದು. "ಯಾರಿಗೂ ಹೇಳಿಲ್ವಾ? ಊರಿಗೆಲ್ಲ ಗೊತ್ತಲ್ಲೋ. ಹಾಲು ಸುಟ್ಟ ದಿನ ಅಕ್ಕನಿಗೆ ಗೊತ್ತಾಯ್ತು. ಅವಳು ಮೇಷ್ಟ್ರಿಗೆ ಹೇಳಿದ್ಳು. ಮೇಷ್ಟ್ರು ಯಾರಿಗೂ ಹೇಳ್ಬೇಡಿ ಅಂತ ಒಬ್ಬೊಬ್ಬರ ಮನೆಗೂ ಹೋಗಿ ಹೇಳಿದ್ರು. ಹೆಂಡತಿ ಹೋದ ಮನುಷ್ಯ, ಇದನ್ನೂ ಕಿತ್ಕೊಂಡ್ರೆ ಏನುಳಿಯುತ್ತೆ ಅಂತ."

"ಮತ್ತೆ ಬಿಯರು?"

"ಅಕ್ಕ ನಿನ್ನ ಪೀಪಾಯಿ ಇಳಿಸ್ಕೋತಾಳೆ, ಹಿತ್ತಲಲ್ಲಿ ಚೆಲ್ತಾಳೆ. ಗಿರಾಕಿಗಳಿಗೆ ಪಕ್ಕದೂರಿನ ಬಿಯರು, ನಿನ್ನ ಹೆಸರಲ್ಲಿ."

ನೊರೆಯಣ್ಣನಿಗೆ ಮುಂದಿನ ಪ್ರಶ್ನೆ ಕೇಳಲು ಧೈರ್ಯ ಸಾಲಲಿಲ್ಲ. ಆದರೂ ಕೇಳಿದ. "ನೀರು? ದಿಬ್ಬದ ಮೇಲೆ ನಾನು ತಲೆ ಆಡಿಸಿದ್ನಲ್ಲ. ಸುಮ್ಮನೆ ಆಡಿಸಿದೆ."

"ಅದಕ್ಕೇನೂ ಹೆದರ್ಬೇಡ. ಜನ ದಿಬ್ಬ ಹತ್ತೋಕೆ ಮೊದಲೇ ಅಕ್ಕ ಹೋಗಿ ಮೂಸಿ ನೋಡಿ ಬಂದಿರ್ತಾಳೆ. ಅವಳು ಸರಿ ಅಂದ ಮೇಲೇನೇ ನಿನ್ನ ಕೈಗೆ ಲೋಟ."

ಮಕ್ಕಳಿಗೆ ಏನೂ ಆಗಲಿಲ್ಲ ಎಂದು ದೇವರಿಗೆ ಕೈ ಮುಗಿಯಬೇಕಾದ ಗಳಿಗೆ. ಅವನು ಮುಗಿದನೂ ಹೌದು. ಆದರೆ ಎದೆಯೊಳಗೆ ಏನೋ ಖಾಲಿಯಾಯಿತು. ಇಷ್ಟು ದಿನ ತಾನು ಗುಟ್ಟನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದ. ಕಾಯುತ್ತಿದ್ದದ್ದು ಊರು. ಕಾಯಿಲೆಯವನ ಕೋಣೆಯ ಹೊರಗೆ ತುದಿಗಾಲಲ್ಲಿ ಓಡಾಡುವ ಹಾಗೆ ಎಲ್ಲರೂ ಅವನ ಸುತ್ತ ಓಡಾಡಿದ್ದರು. ಒಬ್ಬರಾದರೂ ಬಾಗಿಲು ತಟ್ಟಿರಲಿಲ್ಲ.

"ಹುದುಗು ಚೆಲ್ಲು," ಎಂದ ಪೀಪಾಯಿಯವನು, ಸ್ವಲ್ಪ ಮೆತ್ತಗೆ. "ಎಲ್ಲಾ ಭರಣಿನೂ."

"ಅದು ಮುತ್ತಜ್ಜನದು."

"ಅಲ್ಲ. ಮುತ್ತಜ್ಜನದು ಯಾವತ್ತೋ ಸತ್ತಿದೆ. ಈಗಿರೋದು ಬೇರೆ ಯಾರೋ."

ಮರುದಿನ ನೊರೆಯಣ್ಣ ಭರಣಿಗಳನ್ನು ಒಂದೊಂದಾಗಿ ಹೊತ್ತು ತಂದು ಬೀದಿಯ ಚರಂಡಿಗೆ ಸುರಿದ. ತೊಟ್ಟಿಗಳ ಬಿರಡೆ ಕಿತ್ತ. ಚರಂಡಿ ತುಂಬ ನೊರೆ ಹರಿಯಿತು. ಜನ ಕಿಟಕಿಗೆ ಬಂದರು, ಯಾರೂ ಮೂಗು ಮುಚ್ಚಲಿಲ್ಲ. ಮೇಷ್ಟ್ರು ಬೀದಿಯಲ್ಲಿ ಹೋಗುತ್ತಿದ್ದವರು ಟೋಪಿ ತೆಗೆದು ನಿಂತರು. ಮುಚ್ಚಿಕೊಳ್ಳಿ, ದಮ್ಮಯ್ಯ ಮೂಗು ಮುಚ್ಚಿಕೊಳ್ಳಿ ಎಂದು ಕೂಗಬೇಕೆನಿಸಿತು ಅವನಿಗೆ. ಕೂಗಲಿಲ್ಲ. ಪೊರಕೆ ತಂದು ನೀರು ಹಾಕಿ ತಿಕ್ಕಿದ.

ಟ್ಯಾಂಕಿನ ದಿನ ಬಂತು. ಎಲ್ಲರೂ ದಿಬ್ಬ ಹತ್ತಿದರು. ಮೇಷ್ಟ್ರು ಲೋಟ ತುಂಬಿ ಎರಡೂ ಕೈಯಲ್ಲಿ ಅವನಿಗೆ ಕೊಟ್ಟರು. ಅವನು ಅದನ್ನು ಮೂಗಿನ ಹತ್ತಿರ ತರಲಿಲ್ಲ. ಗುಂಪಿನ ಹಿಂದೆ ನಿಂತಿದ್ದ ಅಕ್ಕನನ್ನು ಹುಡುಕಿ, ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಲೋಟ ಅವಳ ಮುಂದೆ ಹಿಡಿದ.

"ನೀವು ನೋಡಿ ಹೇಳಿ ಅಕ್ಕ. ನನಗೆ ವಾಸನೆ ಬರಲ್ಲ."

ಅಕ್ಕ ಕೆಂಪೇರಿದಳು. "ಎಲ್ಲರ ಮುಂದೆ ಇದೇನಿದು ಅಧ್ಯಕ್ಷರೇ..."

"ಎಲ್ಲರಿಗೂ ಗೊತ್ತಂತಲ್ಲ. ಎಲ್ಲರ ಮುಂದೇನೇ ಆಗಲಿ."

ಅವಳು ಮೂಸಿ, ಕುಡಿದು, ತಲೆ ಆಡಿಸಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಂದು ಮಗು ಮಾತ್ರ, "ಅಮ್ಮ, ಈಗ ಕುಡೀಬಹುದಾ?" ಎಂದಿತು. ಜನ ಕಾಲು ನೋಡಿಕೊಳ್ಳುತ್ತ ದಿಬ್ಬ ಇಳಿದರು. ತಾವು ಇಷ್ಟು ಜೋಪಾನವಾಗಿ ಹಿಡಿದಿದ್ದ ಪಾತ್ರೆಯನ್ನು ಅವನೇ ಬೀಳಿಸಿಬಿಟ್ಟ ಎಂಬಂತೆ ಕೆಲವರಿಗೆ ಅಸಮಾಧಾನವೂ ಆಗಿತ್ತು.

ಅವನು ಅಧ್ಯಕ್ಷತೆ ಬಿಟ್ಟ. ಬೇಡವೆಂದು ಎಲ್ಲರೂ ಹೇಳಿದರು, ಹೇಳಬೇಕಾದಷ್ಟು. ಮೇಷ್ಟ್ರು ಆ ಕುರ್ಚಿಗೆ ಬಂದರು. ಆಮೇಲೆ ನೊರೆಯಣ್ಣನನ್ನು ಏನೆಂದು ಕರೆಯುವುದು ಎಂದು ಯಾರಿಗೂ ತಿಳಿಯಲಿಲ್ಲ. ಹಳೇ ಹೆಸರು ಕರೆಯುವಷ್ಟು ಸಲಿಗೆ ಉಳಿದಿರಲಿಲ್ಲ. "ಮಾಜಿ ಅಧ್ಯಕ್ಷರೇ" ಎಂದು ಒಬ್ಬರು ಶುರು ಮಾಡಿದರು, ಅದು ಬಾಯಿಗೆ ಉದ್ದವಾಯಿತು. ಕೊನೆಗೆ ಎದುರು ಸಿಕ್ಕಾಗ "ಹೇಗಿದೀರಿ" ಎಂದಷ್ಟೇ ಹೇಳಿ ಬೇಗ ಬೇಗ ದಾಟತೊಡಗಿದರು. ಮುಂಚೆ ಏಳುತ್ತಿದ್ದವರು ಈಗಲೂ ಏಳುತ್ತಿದ್ದರು, ಆದರೆ ಅರ್ಧ.

ಪಕ್ಕದೂರಿನ ಭಟ್ಟಿಯವನು ಕೇಳಿದ ಕೂಡಲೇ ಒಂದು ಭರಣಿ ಹುದುಗು ಕೊಟ್ಟ. ನೊರೆಯಣ್ಣ ತೊಟ್ಟಿಗಳನ್ನೆಲ್ಲ ಬಿಸಿನೀರಿನಲ್ಲಿ ತಿಕ್ಕಿ ತೊಳೆದು ಹೊಸದಾಗಿ ಕಾಯಿಸಿದ. ಕೆನೆ ಎದ್ದ ದಿನ ಗಾಡಿಯವನ ಹತ್ತಿರ ಹೇಳಿ ಕಳಿಸಲು ಹೊರಟವನು, ಒಂದು ಗಳಿಗೆ ನಿಂತು, ತಾನೇ ಕೋಟು ಹಾಕಿಕೊಂಡು ಊರಾಚೆಗೆ ನಡೆದು ಹೋಗಿ ಬಂದ.

ಮಧ್ಯಾಹ್ನ ಪೀಪಾಯಿಯವನು ಬಂದ. ಹೊಸ್ತಿಲ ಮೇಲೆ ಒಂದು ಗಳಿಗೆ ತಡೆದು ಒಳಗೆ ಕಾಲಿಟ್ಟ. ಹಾಕಿದ ಸ್ಟೂಲಿನ ಮೇಲೆ ಕೂರಲಿಲ್ಲ. ನೇರ ತೊಟ್ಟಿಯ ಹತ್ತಿರ ಹೋಗಿ ಬಗ್ಗಿದ.

"ಹೇಗಿದೆ?"

"ಚೆನ್ನಾಗಿದೆ."

"ನಮ್ಮದರ ಹಾಗೇನಾ?"

"ಇಲ್ಲ. ಚೆನ್ನಾಗಿದೆ, ಆದ್ರೆ ನಿಮ್ಮದಲ್ಲ."

ನೊರೆಯಣ್ಣ ತೊಟ್ಟಿಯ ಅಂಚು ಹಿಡಿದು ನಿಂತ. ಬೇರೆಯವರ ಬಿಯರು ತನ್ನ ಮನೆಯಲ್ಲಿ ಉಸಿರಾಡುತ್ತಿತ್ತು, ಅದರ ಗುರುತು ತನಗೆ ಎಂದಿಗೂ ಹತ್ತುವುದಿಲ್ಲ. "ಹಾಗಾದ್ರೆ ಹೇಗಿದೆ ಹೇಳು," ಎಂದ.

"ವಾಸನೆನ ಹೇಗೋ ಹೇಳೋದು? ಮೂಸೋದಪ್ಪ ಅದು."

"ನಿನಗೆ ಬಂದ ಹಾಗೆ ಹೇಳು."

ಪೀಪಾಯಿಯವನು ಗಡ್ಡ ಕೆರೆದುಕೊಂಡ. ಮಾತಿಗೆ ಬಡವ ಅವನು. ಮತ್ತೆ ಬಗ್ಗಿ, ಬಹಳ ಹೊತ್ತು ಮೂಸಿ, ಒಂದೊಂದೇ ಮಾತನ್ನು ಹಲಗೆ ಜೋಡಿಸಿದ ಹಾಗೆ ಜೋಡಿಸಿದ. "ಮೊದಲು ಬ್ರೆಡ್ಡು. ಆಗ ತೆಗೆದದ್ದಲ್ಲ, ಬಟ್ಟೆ ಸುತ್ತಿ ಇಟ್ಟದ್ದು. ಆಮೇಲೆ... ಸೇಬು ಅನ್ನಲಾ? ಸೇಬಿನ ಸಿಪ್ಪೆ. ಅದರ ಹಿಂದೆ ಏನೋ ಹಸಿರು ಇದೆ, ಮಳೆ ಬಿದ್ದ ಬೇಲಿ ಥರ. ಮರದ ಹೊಟ್ಟೂ ಬರ್ತಿದೆ, ಅದು ನನ್ನ ಅಂಗಿದು ಇರ್ಬೇಕು."

ನೊರೆಯಣ್ಣ ಕಣ್ಣು ಮುಚ್ಚಿ ಕೇಳುತ್ತಿದ್ದ. "ಬೇಲಿ ಅಂದ್ಯಲ್ಲ, ಎಷ್ಟಿದೆ?"

"ಸ್ವಲ್ಪ. ಕೊನೇಲಿ."

"ಇನ್ನೊಂದ್ಸಲ ನೋಡು."

"ಸಾಕು ಬಿಡೋ, ತಲೆ ತಿರುಗುತ್ತೆ." ಪೀಪಾಯಿಯವನು ಅಂಗಿ ಕೊಡವಿಕೊಂಡು ಬಾಗಿಲಿಗೆ ಹೋದ. ಅಲ್ಲಿ ನಿಂತು, ಬೀದಿಯ ಕಡೆ ಮುಖ ಮಾಡಿಯೇ ಕೇಳಿದ: "ನಾಳೆಗೆ ಬೇರೆ ಆಗುತ್ತಾ ಇದು?"

"ಆಗುತ್ತೆ. ದಿನಾ ಬೇರೆ ಆಗ್ತಾ ಹೋಗುತ್ತೆ."

"ಹಾಗಾದ್ರೆ ನಾಳೆ ನೋಡ್ಬೇಕು," ಎಂದು ಅವನು ಹೊರಟ.

ನೊರೆಯಣ್ಣ ತೊಟ್ಟಿಯ ಪಕ್ಕದಲ್ಲೇ ಉಳಿದ. ಕೆನೆಯ ಗುಳ್ಳೆಗಳು ಸಣ್ಣಗೆ ಸದ್ದು ಮಾಡುತ್ತ ಒಡೆಯುತ್ತಿದ್ದವು. ಬಗ್ಗಿ, ಬ್ರೆಡ್ಡು, ಸೇಬಿನ ಸಿಪ್ಪೆ, ಮಳೆ ಬಿದ್ದ ಬೇಲಿ ಎಂದು ತುಟಿಯಲ್ಲೇ ಹೇಳಿಕೊಂಡು ಉಸಿರೆಳೆದ.